ಹುಣಸಗಿ ಕಣಿವೆಯ ಉಮ್ಮತ್‌ಗಳು: ಕಲ್ಲುಯುಗದಿಂದ ಕಾಲುವೆಯವರೆಗೆ

ಭೂಮಿಯ ಮೇಲೆ ನಡೆದಾಡುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಮ್ಮಂತೆಯೇ ಉಮ್ಮತ್‌ಗಳು ಎಂದು ಪವಿತ್ರ ಕುರ್‌ಆನ್ ಹೇಳುತ್ತದೆ (ಅಲ್‌ಅನ್‌ಆಮ್: 38). ಜುಮಾ ಖುತ್ಬಾಗಳಲ್ಲಿ ಇದನ್ನು ಹಲವು ಸಲ ಕೇಳಿದ್ದೇವೆ. ಉಮ್ಮತ್ ಎಂದಮೇಲೆ ಅಲ್ಲಿ ನೆರೆಹೊರೆ, ಕೊಡುಕೊಳ್ಳುವಿಕೆ, ವೈರ ಎಲ್ಲವೂ ಇರಬೇಕಲ್ಲವೇ? ಹಿಜರಿ 255ರಲ್ಲಿ ನಿಧನರಾದ ಬಸ್ರಾದ ವಿದ್ವಾಂಸ ಅಲ್‌ಜಾಹಿಝ್ 'ಕಿತಾಬುಲ್ ಹಯವಾನ್' ಎಂಬ ಬೃಹತ್ ಗ್ರಂಥದಲ್ಲಿ, ಒಂದು ಜೀವಿ ಇನ್ನೊಂದಕ್ಕೆ ಆಹಾರವಾಗುವ ಸರಪಳಿಯನ್ನು ಬರೆದಿಟ್ಟರು. ಅದನ್ನು ಕಾಣಲು ನಾವು ಬಸ್ರಾಕ್ಕೆ ಹೋಗಬೇಕಾಗಿಲ್ಲ; ನಮ್ಮ ಹುಣಸಗಿ ಸಾಕು.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ-ಬೈಚಬಾಳ ಕಣಿವೆಗಳನ್ನು ಶೋಧಿಸಿದರು. ಇಸಾಂಪುರದಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ, ಅಲ್ಲಿ ಸುಣ್ಣಕಲ್ಲು ಒಡೆದು ಕೊಡಲಿ ಮಾಡಿಕೊಂಡವರು ಸುಮಾರು 12 ಲಕ್ಷ ವರ್ಷ ಹಿಂದಿನವರು ಎಂದು ತಿಳಿದುಬಂತು. ಈ ಕಣಿವೆಗಳಲ್ಲಿ ಆನೆ ಮತ್ತು ಕಾಡುದನಗಳ ಹಲ್ಲುಗಳೂ ಸಿಕ್ಕಿವೆ. ಬೇಸಿಗೆಯಲ್ಲಿ ಬತ್ತದ ಒರತೆಗಳ ಸುತ್ತ ಜನ ಸೇರುತ್ತಿದ್ದರು, ಮಳೆಗಾಲದಲ್ಲಿ ಚದುರುತ್ತಿದ್ದರು ಎಂಬುದು ಪದ್ದಯ್ಯನವರ ವಿವರಣೆ. ಅದೇ ನೀರು ಪ್ರಾಣಿಗಳಿಗೂ ಬೇಕಿತ್ತು. ಬೇಟೆಗಾರ, ಬೇಟೆ ಇಬ್ಬರೂ ಒಂದೇ ಒರತೆಯ ಅತಿಥಿಗಳು.

ಹತ್ತಿರದ ಬೂದಿಹಾಳದ ಕಥೆಯೇ ಬೇರೆ. ಊರ ಹೆಸರಲ್ಲೇ ಬೂದಿ ಇದೆ! ಸುಮಾರು 4,000 ವರ್ಷಗಳ ಹಿಂದೆ ಅಲ್ಲಿ ದನದ ದೊಡ್ಡಿ ಇತ್ತು. ಕೂಡಿಟ್ಟ ಸಗಣಿ ಸುಟ್ಟು ಬೂದಿದಿಬ್ಬವಾಯಿತು. ಮಾಂಸ ಕೊಯ್ಯುತ್ತಿದ್ದ ಜಾಗವೂ ಉತ್ಖನನದಲ್ಲಿ ಸಿಕ್ಕಿದೆ. ಬೇಟೆಯ ನಂಟು ಸಾಕಣೆಯ ನಂಟಾಯಿತು: ಮನುಷ್ಯ ಮೇವು ಮತ್ತು ಕಾವಲು ಕೊಟ್ಟ, ದನ ಹಾಲು, ಮಾಂಸ, ಸಗಣಿ ಕೊಟ್ಟಿತು. ಹೊಲದಲ್ಲಿ ಕುರಿ ತರುಬಿಸಿ ಕುರುಬರಿಗೆ ಕಾಳು ಅಳೆದು ಕೊಡುವ ನಮ್ಮ ಕಡೆಯ ಪದ್ಧತಿ ಅದೇ ಜಾತಿಯದು.

ಎರೆ ಹೊಲದ ಜೋಳ-ತೊಗರಿ ಜೊತೆಬೆಳೆ ನೋಡಿ. ತೊಗರಿ ಬೇರಿನ ಗಂಟುಗಳಲ್ಲಿ ರೈಝೋಬಿಯಂ ಎಂಬ ಕಣ್ಣಿಗೆ ಕಾಣದ ಜೀವಿಗಳು ವಾಸಿಸುತ್ತವೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ತೊಗರಿಯ ಎಲೆ, ಬೇರು ಕೊಳೆತಾಗ ಮುಂದಿನ ಬೆಳೆಗೂ ಪಾಲು ಸಿಗುತ್ತದೆ. ದನದ ಹಿಂದೆ ನಡೆಯುವ ಬೆಳ್ಳಕ್ಕಿಯದು ಇನ್ನೊಂದು ಬಗೆ: ಗೊರಸಿಗೆ ಎದ್ದ ಹುಳುಗಳು ಅದಕ್ಕೆ ಊಟ, ದನಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಜೋಳದ ಬೇರಿಗೇ ಬೇರು ಚುಚ್ಚಿ ಸಾರ ಹೀರುವ ಕಸವೂ ಇದೆ. ಎಲ್ಲ ನೆರೆಯವರೂ ಒಳ್ಳೆಯವರಲ್ಲ!

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು, ಎಡದಂಡೆ ಕಾಲುವೆಯಲ್ಲಿ ಕೃಷ್ಣೆಯ ನೀರು ಬಂತು. ಯೋಜನೆ ಹಾಕಿದ್ದು ಕಡಿಮೆ ನೀರಿನ ಬೆಳೆಗಳಿಗೆ. ರೈತರು ಬೆಳೆದದ್ದು ಭತ್ತ. ಅವರನ್ನು ದೂರಲಾರೆ. ಬರ ಕಂಡ ಮನೆಗಳಿಗೆ ಅನ್ನ ಕಂಡದ್ದು ಸಣ್ಣ ಮಾತಲ್ಲ. ಆದರೆ ಭತ್ತದ ಗದ್ದೆಯಲ್ಲಿ ಜೋಳ-ತೊಗರಿಯ ಜೊತೆ ಉಳಿಯಲಿಲ್ಲ, ಬೇರಿನ ಗಂಟು ಮಾಡುತ್ತಿದ್ದ ಕೆಲಸಕ್ಕೆ ಯೂರಿಯಾ ಚೀಲ ಬಂತು.

ಒಣಭೂಮಿಯ ತೊಗರಿಗೂ ಕಷ್ಟ ತಪ್ಪಲಿಲ್ಲ. 1997-98ರಲ್ಲಿ ಅಕಾಲಿಕ ಮಳೆ, ಕಾಯಿಕೊರಕ ಎರಡೂ ಸೇರಿ ಬೀದರ್, ಕಲಬುರಗಿ ಭಾಗದ ತೊಗರಿಯನ್ನು ಹಾಳುಮಾಡಿದವು. ಸಾಲದಲ್ಲಿ ಮುಳುಗಿದ ರೈತರು ಪ್ರಾಣ ಕಳೆದುಕೊಂಡರು. ಮತ್ತೆ ಮತ್ತೆ ಸಿಂಪಡಿಸಿದ ವಿಷಕ್ಕೆ ಕಾಯಿಕೊರಕ ಜಗ್ಗದಾಗಿತ್ತು. ಆ ವಿಷ ಹುಳುವಿನ ಶತ್ರುಗಳಾದ ಜೇಡ, ಕಣಜಗಳನ್ನೂ ಕೊಲ್ಲುತ್ತದೆ. ನಮ್ಮ ಕೂಲಿಯವರ ಉಸಿರಿನೊಳಗೂ ಹೋಗುತ್ತದೆ.

ನಾಟಿದ ಗಿಡದಿಂದ, ಬಿತ್ತಿದ ಬೆಳೆಯಿಂದ ಮನುಷ್ಯ, ಪ್ರಾಣಿ, ಹಕ್ಕಿ ಯಾರು ತಿಂದರೂ ಅದು ಸದಕಾ ಎಂಬ ಪ್ರವಾದಿ(ಸ)ಯವರ ಮಾತು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಹಕ್ಕಿಗೆ ಹೋದ ಕಾಳನ್ನು ನಷ್ಟದ ಲೆಕ್ಕಕ್ಕೆ ಹಾಕುವವರು ಇದನ್ನು ನೆನೆಯಬೇಕು. ಕಾಜಾಣ, ಗೊರವಂಕಗಳು ಹುಳುಗಳನ್ನು ಆರಿಸುತ್ತವೆ. ಅದಕ್ಕೇ ತೊಗರಿ ಹೊಲದಲ್ಲಿ ಅಲ್ಲಲ್ಲಿ ಕೋಲು ನೆಟ್ಟು ಹಕ್ಕಿಗೆ ಕೂರಲು ಜಾಗ ಮಾಡುತ್ತಾರೆ. ಕೆಲವರು ಗಿಡ ಅಲುಗಾಡಿಸಿ, ಹಾಸಿದ ತಾಡಪತ್ರಿಯ ಮೇಲೆ ಬಿದ್ದ ಹುಳುಗಳನ್ನು ಕೋಳಿಗೆ ಹಾಕುತ್ತಾರೆ. ಇದಕ್ಕೆ ಬೇಕಾಗುವುದು ಇಬ್ಬರು ಆಳು, ಒಂದು ಬೆಳಗು.