ಕಪ್ಪು ಕ್ರಿಸ್ತರ ಊರಿನಲ್ಲಿ ಆರಂಭವಾದ ಮಾತುಕತೆ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಪೂರ್ವದ ಅಂಚಿನಲ್ಲಿ ಎಸ್ಕಿಪುಲಾಸ್ ಎಂಬ ಪಟ್ಟಣವಿದೆ. ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ದೇಶಗಳ ಗಡಿಗಳು ಅಲ್ಲಿಂದ ಹೆಚ್ಚು ದೂರವಿಲ್ಲ. ಅಲ್ಲಿನ ಬೆಸಿಲಿಕಾದಲ್ಲಿ ಹದಿನಾರನೆಯ ಶತಮಾನದ ಕೊನೆಯಲ್ಲಿ ಕಿರಿಯೊ ಕತಾನ್ಯೊ ಎಂಬ ಶಿಲ್ಪಿ ಮರದಲ್ಲಿ ಕೆತ್ತಿದ ಶಿಲುಬೆಯ ಕ್ರಿಸ್ತರ ಪ್ರತಿಮೆಯಿದೆ. ಅದರ ಬಣ್ಣ ಕಪ್ಪು. ಜನರು ಭಕ್ತಿಯಿಂದ ‘ಕಪ್ಪು ಕ್ರಿಸ್ತರು’ ಎಂದೇ ಕರೆಯುತ್ತಾರೆ. ಪ್ರತಿವರ್ಷ ಜನವರಿ 15ರ ಹಬ್ಬಕ್ಕೆ ಗಡಿಯಾಚೆಯಿಂದಲೂ ಯಾತ್ರಿಕರು ಬರುತ್ತಾರೆ. ರಾಜ್ಯಗಳ ನಡುವೆ ಯುದ್ಧವಿದ್ದಾಗಲೂ ಭಕ್ತರ ಪಾಲಿಗೆ ಈ ಊರು ಒಂದೇ ಆಗಿತ್ತು.

1986ರ ಮೇ 24 ಮತ್ತು 25ರಂದು ಈ ಊರಿಗೆ ಬೇರೆಯೇ ಬಗೆಯ ಅತಿಥಿಗಳು ಬಂದರು. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಎಂಬ ಐದು ದೇಶಗಳ ಅಧ್ಯಕ್ಷರು ಒಂದೇ ಮೇಜಿನ ಸುತ್ತ ಕುಳಿತರು. ಆ ದಿನಗಳಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ ಉರಿಯುತ್ತಿತ್ತು. ಗ್ವಾಟೆಮಾಲಾದ ಬೆಟ್ಟಗಳಲ್ಲಿ ಮಾಯಾ ಜನಾಂಗದ ಹಳ್ಳಿಗಳೇ ಅಳಿಸಿಹೋಗಿದ್ದವು. ನಿಕರಾಗುವಾದ ಸರ್ಕಾರವನ್ನು ಉರುಳಿಸಲು ಅಮೆರಿಕ ಸಂಯುಕ್ತ ಸಂಸ್ಥಾನದ ಹಣದಿಂದ ಸಾಕಲಾಗಿದ್ದ ‘ಕೊಂಟ್ರಾ’ ಪಡೆಗಳು ಹೊಂಡುರಾಸ್‌ನ ನೆಲದಲ್ಲಿ ಬೀಡುಬಿಟ್ಟಿದ್ದವು. ಪ್ರತಿಯೊಬ್ಬನ ಶತ್ರುವೂ ಪಕ್ಕದ ಮನೆಯಲ್ಲಿ ಅಡಗಿದ್ದಾನೆ ಎಂಬ ಸ್ಥಿತಿ. ಹೊರಗಿನ ಮಹಾಶಕ್ತಿಗಳು ತಮ್ಮ ಜಗಳವನ್ನು ಈ ಬಡವರ ಅಂಗಳದಲ್ಲಿ ಆಡುತ್ತಿದ್ದವು. ನೆರೆಯ ಮೆಕ್ಸಿಕೊ, ಪನಾಮಾ, ಕೊಲಂಬಿಯ, ವೆನಿಜುವೆಲಾ ದೇಶಗಳು 1983ರಿಂದ ಸಂಧಾನಕ್ಕೆ ಯತ್ನಿಸಿ ದಣಿದಿದ್ದವು.

ಮರುವರ್ಷ ಕೋಸ್ಟರಿಕಾದ ಅಧ್ಯಕ್ಷ ಓಸ್ಕರ್ ಅರಿಯಾಸ್ ಒಂದು ಶಾಂತಿ ಯೋಜನೆಯನ್ನು ಮುಂದಿಟ್ಟರು. ಅವರ ದೇಶ 1948ರಲ್ಲಿಯೇ ತನ್ನ ಸೈನ್ಯವನ್ನು ವಿಸರ್ಜಿಸಿತ್ತು. ಆದುದರಿಂದ ಅವರ ಮಾತಿಗೊಂದು ತೂಕವಿತ್ತು. 1987ರ ಆಗಸ್ಟ್ 7ರಂದು ಗ್ವಾಟೆಮಾಲಾ ನಗರದಲ್ಲಿ ಐವರೂ ಸಹಿ ಮಾಡಿದರು. ಕದನವಿರಾಮ, ಕ್ಷಮಾದಾನ, ಮುಕ್ತ ಚುನಾವಣೆ, ಪ್ರತಿ ದೇಶದಲ್ಲೂ ಒಂದು ರಾಷ್ಟ್ರೀಯ ಸಂಧಾನ ಆಯೋಗ ಎಂಬ ಅಂಶಗಳ ಜೊತೆಗೆ, ಒಬ್ಬರ ನೆಲವನ್ನು ಮತ್ತೊಬ್ಬರ ಮೇಲಿನ ದಾಳಿಗೆ ಬಳಸಲು ಬಿಡಬಾರದು ಎಂಬ ಮಾತೂ ಅದರಲ್ಲಿತ್ತು. ನನ್ನ ದೃಷ್ಟಿಯಲ್ಲಿ ಆ ಒಪ್ಪಂದದ ಜೀವಾಳ ಈ ಕೊನೆಯ ಮಾತೇ. ನಿಕರಾಗುವಾದ ಸಂಧಾನ ಆಯೋಗಕ್ಕೆ ಕಾರ್ಡಿನಲ್ ಮಿಗೆಲ್ ಒಬಾಂಡೊ ಇ ಬ್ರಾವೊ ಅಧ್ಯಕ್ಷರಾದರು. ಅದೇ ವರ್ಷ ಅರಿಯಾಸ್ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಬಂದಿತು. 1990ರಲ್ಲಿ ನಿಕರಾಗುವಾದ ಸರ್ಕಾರ ಚುನಾವಣೆಯ ಮೂಲಕ ಬದಲಾಯಿತು. 1992ರಲ್ಲಿ ಎಲ್ ಸಾಲ್ವಡಾರ್‌ನಲ್ಲಿ, 1996ರ ಡಿಸೆಂಬರ್‌ನಲ್ಲಿ ಗ್ವಾಟೆಮಾಲಾದಲ್ಲಿ ಶಾಂತಿ ಒಪ್ಪಂದಗಳಾದವು. ಆ ವೇಳೆಗೆ ಎಲ್ ಸಾಲ್ವಡಾರ್‌ನಲ್ಲಿ ಸುಮಾರು 75,000, ಗ್ವಾಟೆಮಾಲಾದಲ್ಲಿ ಸುಮಾರು 2,00,000 ಜನರು ಸತ್ತಿದ್ದರು ಅಥವಾ ಕಾಣೆಯಾಗಿದ್ದರು.

ಯುದ್ಧ ಮುಗಿಯಿತು, ಆದರೆ ಬಂದೂಕುಗಳು ಉಳಿದವು. ಕೊಲ್ಲುವುದೊಂದನ್ನೇ ಕಲಿತ, ಕೆಲಸ ಕಳೆದುಕೊಂಡ ಸೈನಿಕರು ಉಳಿದರು. ಯುದ್ಧಕಾಲದಲ್ಲಿ ಹೆತ್ತವರೊಡನೆ ಲಾಸ್ ಏಂಜಲೀಸ್‌ಗೆ ಓಡಿಹೋಗಿದ್ದ ಮಕ್ಕಳಲ್ಲಿ ಕೆಲವರು ಅಲ್ಲಿನ ಬೀದಿಗಳಲ್ಲಿ ‘ಮಾರಾ ಸಾಲ್ವತ್ರುಚಾ’, ‘ಬಾರಿಯೊ 18’ ಎಂಬ ಗುಂಪುಗಳನ್ನು ಸೇರಿದ್ದರು. ಅಮೆರಿಕ ಸಂಯುಕ್ತ ಸಂಸ್ಥಾನವು, ಮುಖ್ಯವಾಗಿ 1996ರ ವಲಸೆ ಕಾನೂನಿನ ನಂತರ, ಅಂಥವರನ್ನು ಸಾವಿರಗಟ್ಟಲೆ ವಿಮಾನವೇರಿಸಿ ಹಿಂದಕ್ಕೆ ಕಳುಹಿಸಿತು. ತಾವು ಸರಿಯಾಗಿ ಕಂಡೇ ಇರದ ತಾಯ್ನಾಡಿಗೆ ಅವರು ಬಂದಿಳಿದರು. ಇತ್ತ ದಕ್ಷಿಣ ಅಮೆರಿಕದಿಂದ ಉತ್ತರಕ್ಕೆ ಸಾಗುವ ಕೊಕೇನ್‌ಗೆ ಈ ಕಿರಿದಾದ ಭೂಪಟ್ಟಿಯೇ ಹೆದ್ದಾರಿಯಾಯಿತು. ಕೆಲವೇ ವರ್ಷಗಳಲ್ಲಿ ಸಣ್ಣ ಅಂಗಡಿಯವನು, ಬಸ್ಸಿನ ಚಾಲಕ, ತರಕಾರಿ ಮಾರುವ ಹೆಂಗಸು ಇವರೆಲ್ಲ ಗುಂಪುಗಳಿಗೆ ಕಪ್ಪ ಕೊಟ್ಟು ಜೀವ ಉಳಿಸಿಕೊಳ್ಳುವಂತಾಯಿತು.

ನೆರೆಯ ಸರ್ಕಾರಗಳು ಇದನ್ನು ಕಾಣದೆ ಇರಲಿಲ್ಲ. 1991ರ ಡಿಸೆಂಬರ್‌ನಲ್ಲಿ ಅವು ಮಧ್ಯ ಅಮೆರಿಕ ಏಕೀಕರಣ ವ್ಯವಸ್ಥೆಯನ್ನು ಸ್ಥಾಪಿಸಿದವು. 1995ರ ಡಿಸೆಂಬರ್ 15ರಂದು ಹೊಂಡುರಾಸ್‌ನ ಸಾನ್ ಪೆದ್ರೊ ಸುಲಾ ನಗರದಲ್ಲಿ ‘ಪ್ರಜಾಸತ್ತಾತ್ಮಕ ಭದ್ರತೆಯ ಒಪ್ಪಂದ’ಕ್ಕೆ ಆರು ದೇಶಗಳು ಸಹಿ ಹಾಕಿದವು. ಭದ್ರತೆ ಎಂದರೆ ಗಡಿಯಲ್ಲಿನ ಸೈನ್ಯವಲ್ಲ, ಮನೆಯೊಳಗಿನ ಮನುಷ್ಯನ ಕ್ಷೇಮ ಎಂಬ ಅರ್ಥ ಆ ಒಪ್ಪಂದದಲ್ಲಿತ್ತು. ಮಾದಕ ವಸ್ತು, ಕಳ್ಳ ಶಸ್ತ್ರಾಸ್ತ್ರ, ಸಂಘಟಿತ ಅಪರಾಧಗಳ ಜೊತೆಗೆ ಬಡತನವನ್ನೂ ಭ್ರಷ್ಟಾಚಾರವನ್ನೂ ಅದು ಹೆಸರಿಸಿತು. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯದನ್ನು ಬರೆಯುವುದು ಕಷ್ಟ. ಆದರೆ ಮಾಹಿತಿಯನ್ನು ಹಂಚಿಕೊಳ್ಳಬೇಕಾದ ಕಚೇರಿಗಳಲ್ಲಿ ಕುಳಿತಿದ್ದವರು ಯಾರು?

ಗ್ವಾಟೆಮಾಲಾದ ಧರ್ಮಸಭೆ ಆ ಪ್ರಶ್ನೆಯನ್ನು ಕೇಳಿತು. ಧರ್ಮಾಧ್ಯಕ್ಷ ಹ್ವಾನ್ ಹೆರಾರ್ಡಿ ಅವರ ನೇತೃತ್ವದಲ್ಲಿ ಧರ್ಮಕೇಂದ್ರಗಳ ಸೇವಕರು ಹಳ್ಳಿಹಳ್ಳಿಗೆ ಹೋಗಿ ಯುದ್ಧದಲ್ಲಿ ನೊಂದವರ ಸಾಕ್ಷ್ಯಗಳನ್ನು ಬರೆದುಕೊಂಡರು. ದೌರ್ಜನ್ಯಗಳ ಬಹುಪಾಲಿಗೆ ಸರ್ಕಾರಿ ಪಡೆಗಳೇ ಹೊಣೆ ಎಂದು ಹೇಳಿದ ಆ ವರದಿಯನ್ನು 1998ರ ಏಪ್ರಿಲ್ 24ರಂದು ರಾಜಧಾನಿಯ ಪ್ರಧಾನಾಲಯದಲ್ಲಿ ಹೆರಾರ್ಡಿ ಬಿಡುಗಡೆ ಮಾಡಿದರು. ಎರಡು ದಿನಗಳ ಬಳಿಕ ಅವರನ್ನು ಅವರ ನಿವಾಸದಲ್ಲಿಯೇ ತಲೆ ಜಜ್ಜಿ ಕೊಲ್ಲಲಾಯಿತು. 2001ರಲ್ಲಿ ಮೂವರು ಸೈನಿಕರಿಗೂ, ನಾವು ತಲೆತಗ್ಗಿಸಿ ಓದಬೇಕಾದ ಸಂಗತಿ, ಒಬ್ಬ ಗುರುವಿಗೂ ಶಿಕ್ಷೆಯಾಯಿತು. ಇಂದು ಆ ಪ್ರಧಾನಾಲಯದ ಮುಂದಿನ ಕಂಬಗಳಲ್ಲಿ ಯುದ್ಧದಲ್ಲಿ ಅಳಿದವರ ಹೆಸರುಗಳನ್ನು ಕೆತ್ತಲಾಗಿದೆ.

ಇನ್ನೊಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಸ್ಕಿಪುಲಾಸ್‌ನ ಮೊದಲ ಸಭೆಯಲ್ಲಿಯೇ ಮಧ್ಯ ಅಮೆರಿಕಕ್ಕೊಂದು ಸಂಸತ್ತು ಬೇಕೆಂದು ತೀರ್ಮಾನವಾಗಿತ್ತು. ಗ್ವಾಟೆಮಾಲಾ ನಗರದಲ್ಲಿ ಅದು 1991ರಿಂದ ಸೇರುತ್ತಿದೆ. 2007ರ ಫೆಬ್ರವರಿ 19ರಂದು ಆ ಸಂಸತ್ತಿಗಾಗಿ ಎಲ್ ಸಾಲ್ವಡಾರ್‌ನಿಂದ ಕಾರಿನಲ್ಲಿ ಬಂದ ಮೂವರು ಸದಸ್ಯರೂ ಅವರ ಚಾಲಕನೂ ನಗರದ ಹೊರವಲಯದಲ್ಲಿ ಕೊಲೆಯಾದರು. ದೇಹಗಳನ್ನು ಕಾರಿನೊಡನೆ ಸುಡಲಾಗಿತ್ತು. ಕೆಲವೇ ದಿನಗಳಲ್ಲಿ ಬಂಧಿತರಾದವರು ನಾಲ್ವರು ಗ್ವಾಟೆಮಾಲಾ ಪೊಲೀಸರು. ಅವರಲ್ಲೊಬ್ಬನು ಸಂಘಟಿತ ಅಪರಾಧಗಳನ್ನು ತನಿಖೆ ಮಾಡುವ ವಿಭಾಗದ ಮುಖ್ಯಸ್ಥ! ಫೆಬ್ರವರಿ 25ರಂದು, ಅವರು ಬಾಯಿಬಿಡುವ ಮೊದಲೇ, ಬಿಗಿ ಕಾವಲಿನ ಸೆರೆಮನೆಯೊಳಗೆ ನಾಲ್ವರನ್ನೂ ಕೊಲ್ಲಲಾಯಿತು.

ಸತ್ತ ಸಂಸದರಲ್ಲಿ ಒಬ್ಬರ ಹೆಸರು ಎದುವಾರ್ದೊ ದಾಬ್ವಿಸೋನ್. ಅವರ ತಂದೆ ರೊಬೆರ್ತೊ ದಾಬ್ವಿಸೋನ್ ಎಲ್ ಸಾಲ್ವಡಾರ್‌ನ ಬಲಪಂಥೀಯ ನಾಯಕ. 1980ರ ಮಾರ್ಚ್ 24ರಂದು ಬಲಿಪೀಠದ ಮುಂದೆ ಗುಂಡಿಗೆ ಬಲಿಯಾದ ಮಹಾಧರ್ಮಾಧ್ಯಕ್ಷ ಓಸ್ಕರ್ ರೊಮೆರೊ ಅವರ ಕೊಲೆಗೆ ಆದೇಶವಿತ್ತವನು ಈತನೇ ಎಂದು ವಿಶ್ವಸಂಸ್ಥೆಯ ಸತ್ಯ ಆಯೋಗ 1993ರಲ್ಲಿ ಹೇಳಿತ್ತು. ಆದರೆ ಆತ 1992ರ ಫೆಬ್ರವರಿ 20ರಂದೇ ಕಾಯಿಲೆಯಿಂದ ತೀರಿಕೊಂಡಿದ್ದ. ಮಗ ಕೊಲೆಯಾದದ್ದು ಆ ಸಾವಿಗೆ ಹದಿನೈದು ವರ್ಷ ತುಂಬುವ ಹಿಂದಿನ ದಿನ. ತಂದೆಯ ಪಾಪ ಮಗನಿಗೆ ತಟ್ಟಿತೆಂದು ಹೇಳುವವರು ಅಂದೂ ಇದ್ದಿರಬಹುದು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ್ದೂ ಅಂಥದೇ ಪ್ರಶ್ನೆ; ಯೇಸುಸ್ವಾಮಿ ಅದನ್ನು ಒಪ್ಪಲಿಲ್ಲ. ಇಲ್ಲಿ ಕಾಣುವುದು ದೈವದಂಡನೆಯಲ್ಲ. ಒಬ್ಬ ಮಹಾಧರ್ಮಾಧ್ಯಕ್ಷರನ್ನು ಕೊಂದವರಿಗೆ ಶಿಕ್ಷೆಯಾಗದ ನಾಡಿನಲ್ಲಿ ಗುತ್ತಿಗೆಗೆ ಕೊಲ್ಲುವ ಕೈಗಳು ಸಮವಸ್ತ್ರದೊಳಗೇ ಬೆಳೆದವು. ಯಾರ ಮಗ ಎಂದು ಅವು ನೋಡಲಿಲ್ಲ.

ಈ ಆಘಾತದಿಂದಲೇ ಒಂದು ಹೊಸ ಪ್ರಯತ್ನಕ್ಕೆ ಬಲ ಬಂದಿತು. ಶಿಕ್ಷೆಯಿಂದ ತಪ್ಪಿಸಿಕೊಳ್ಳುವವರ ವಿರುದ್ಧ ವಿಶ್ವಸಂಸ್ಥೆಯ ನೆರವಿನ ಅಂತರರಾಷ್ಟ್ರೀಯ ಆಯೋಗವನ್ನು ರಚಿಸಲು 2006ರ ಡಿಸೆಂಬರ್‌ನಲ್ಲಿಯೇ ಒಪ್ಪಂದವಾಗಿತ್ತು; 2007ರ ಆಗಸ್ಟ್‌ನಲ್ಲಿ ಗ್ವಾಟೆಮಾಲಾದ ಶಾಸನಸಭೆ ಒಪ್ಪಿಗೆ ಕೊಟ್ಟಿತು. ಹೊರದೇಶದ ವಕೀಲರು ಗ್ವಾಟೆಮಾಲಾದ ಸರ್ಕಾರಿ ವಕೀಲರೊಡನೆ ಕುಳಿತು ಅಲ್ಲಿನ ಕಾನೂನಿನಂತೆ, ಅಲ್ಲಿನ ನ್ಯಾಯಾಲಯಗಳಲ್ಲಿ ಮೊಕದ್ದಮೆ ನಡೆಸಿದರು. 2015ರಲ್ಲಿ ಸುಂಕದ ಇಲಾಖೆಯ ಲಂಚದ ಜಾಲ ಬಯಲಾಗಿ ಅಧ್ಯಕ್ಷ ಒಟ್ಟೊ ಪೆರೆಸ್ ಮೊಲಿನಾ ರಾಜೀನಾಮೆ ಕೊಡಬೇಕಾಯಿತು. ಮುಂದಿನ ಅಧ್ಯಕ್ಷರ ಚುನಾವಣಾ ಖರ್ಚಿನ ಮೇಲೂ ತನಿಖೆ ಬಿದ್ದಾಗ ಅವರು ಆಯೋಗದ ಅವಧಿಯನ್ನು ಮುಂದುವರಿಸಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಅದು ಬಾಗಿಲು ಮುಚ್ಚಿತು.

ಈ ನಡುವೆ 2011ರ ಜೂನ್‌ನಲ್ಲಿ ಗ್ವಾಟೆಮಾಲಾ ನಗರದಲ್ಲಿ ದೊಡ್ಡ ಸಮ್ಮೇಳನ ನಡೆಯಿತು. ಇಡೀ ಪ್ರದೇಶಕ್ಕೆ ಒಂದು ಭದ್ರತಾ ಕಾರ್ಯತಂತ್ರ, ಅದಕ್ಕೆ ಶ್ರೀಮಂತ ದೇಶಗಳ ಹಣದ ಭರವಸೆ. ಆ ಹೊತ್ತಿಗೆ ಹೊಂಡುರಾಸ್‌ನಲ್ಲಿ ಲಕ್ಷ ಜನರಿಗೆ ವರ್ಷಕ್ಕೆ 80ಕ್ಕೂ ಹೆಚ್ಚು ಕೊಲೆಗಳಾಗುತ್ತಿದ್ದವು. 2012ರ ಮಾರ್ಚ್‌ನಲ್ಲಿ ಎಲ್ ಸಾಲ್ವಡಾರ್‌ನ ಸೈನ್ಯದ ಧರ್ಮಾಧ್ಯಕ್ಷ ಫಾಬಿಯೊ ಕೊಲಿಂದ್ರೆಸ್ ಎದುರಾಳಿ ಗುಂಪುಗಳ ನಡುವೆ ಕದನವಿರಾಮಕ್ಕೆ ಮಧ್ಯಸ್ಥಿಕೆ ವಹಿಸಿದರು. ದಿನಕ್ಕೆ ಹದಿನಾಲ್ಕರಷ್ಟಿದ್ದ ಕೊಲೆಗಳು ಅರ್ಧಕ್ಕಿಂತ ಕೆಳಗಿಳಿದವು. ಆದರೆ ಸುಲಿಗೆ ನಿಲ್ಲಲಿಲ್ಲ. ದೇಶದ ಇತರ ಧರ್ಮಾಧ್ಯಕ್ಷರು ಸಂಶಯದಿಂದಲೇ ನೋಡಿದರು. ಎರಡು ವರ್ಷಗಳಲ್ಲಿ ಅದು ಮುರಿದುಬಿತ್ತು, 2015ರಲ್ಲಿ ಕೊಲೆಗಳ ಪ್ರಮಾಣ ಲಕ್ಷಕ್ಕೆ ನೂರನ್ನು ದಾಟಿತು.

2022ರ ಮಾರ್ಚ್‌ನಲ್ಲಿ ಅಧ್ಯಕ್ಷ ನಯೀಬ್ ಬುಕೆಲೆ ತುರ್ತುಸ್ಥಿತಿ ಹೇರಿ 80,000ಕ್ಕೂ ಹೆಚ್ಚು ಜನರನ್ನು ಸೆರೆಗೆ ತಳ್ಳಿದರು. ಓಡಿಹೋದ ಗುಂಪಿನವರನ್ನು ಗ್ವಾಟೆಮಾಲಾ ಪೊಲೀಸರು ಹಿಡಿದು ಗಡಿಯಲ್ಲಿ ಒಪ್ಪಿಸಿದರು. ಅದೇ ಡಿಸೆಂಬರ್‌ನಲ್ಲಿ ಹೊಂಡುರಾಸ್ ಕೂಡ ಅಂಥದೇ ಕ್ರಮಕ್ಕೆ ಮುಂದಾಯಿತು. ಬೀದಿಗಳು ನಿಜವಾಗಿಯೂ ಶಾಂತವಾದವು. ಕಪ್ಪ ಕೊಡದೆ ಅಂಗಡಿ ತೆರೆದ ಬಡವನ ನೆಮ್ಮದಿಯನ್ನು ದೂರದಲ್ಲಿ ಕುಳಿತ ನಾವು ಹಗುರವಾಗಿ ಕಾಣಬಾರದು. ಆದರೆ ಹಿಡಿದವರೆಲ್ಲ ಅಪರಾಧಿಗಳಾಗಿರಲಿಲ್ಲ. ಸಾವಿರಾರು ಮಂದಿಯನ್ನು ಸರ್ಕಾರವೇ ಬಿಟ್ಟುಕೊಟ್ಟಿತು. ಆ ಮೊದಲ ತಿಂಗಳುಗಳಲ್ಲಿ ರಾಜಧಾನಿಯ ಬಳಿಯ ಮರಿಯೋನಾ ಸೆರೆಮನೆಯ ಹೊರಗೆ, ತಮ್ಮ ಮಗ ಒಳಗಿದ್ದಾನೆಯೇ ಎಂದಷ್ಟೇ ತಿಳಿದುಕೊಳ್ಳಲು ತಾಯಂದಿರು ರಸ್ತೆಬದಿಯಲ್ಲಿ ಕಾದು ಕುಳಿತಿದ್ದರು.