ಡೆನ್ಮಾರ್ಕಿನ ಮುಗಿಲಗುಡ್ಡದ ಕಥಿ

ಹೋದ ಬ್ಯಾಸಗಿಯೊಳಗ ಮಗಳ ಮನಿಗೆ ಡೆನ್ಮಾರ್ಕಿಗೆ ಹೋಗಿ ಮೂರು ತಿಂಗಳ ಇದ್ದು ಬಂದೆ, ನಿಮಗೆಲ್ಲಾ ಗೊತ್ತದ. ಬಂದಾಗಿಂದ ಎದುರುಮನಿ ವೈನಿ "ಅಲ್ಲೆ ಏನೇನ ನೋಡಿದ್ರಿ, ಬರೀರೆಲಾ" ಅಂತ ಗಂಟು ಬಿದ್ದಾರ. ನೋಡಿದ್ದು ಭಾಳ ಅದ. ಆದ್ರ ಬರೀಲಿಕ್ಕೆ ಕೂತ್ರ ಮೊದಲ ನೆನಪಾಗೋದು ಅಲ್ಲಿಯ ಗುಡ್ಡಗಳು. ಗುಡ್ಡ ಅಂತ ಓದಿ ನಗಬ್ಯಾಡ್ರಿ. ನಾ ನಕ್ಕು ಮಗಳ ಕಡೆ ಅನಿಸಿಕೊಂಡೇನಿ.

ಡೆನ್ಮಾರ್ಕ್ ಅಂದ್ರ ಚಪಾತಿ ಲಟ್ಟಿಸಿ ಹಾಸಿಧಂಗ ಇರೋ ದೇಶ. ಪೂರ್ತಿ ಸಪಾಟೂ ಅಲ್ಲ, ಅಲ್ಲಲ್ಲೆ ಚಪಾತಿ ಉಬ್ಬಿಧಂಗ ನೆಲ ಉಬ್ಬೇದ, ತಗ್ಗೇದ. ಸಾವಿರಾರು ವರ್ಷದ ಹಿಂದ ಅಲ್ಲೆಲ್ಲಾ ದೊಡ್ಡ ಹಿಮದ ಹಾಳಿ ಹಾಸಿತ್ತಂತ. ಅದು ಸರಕೋತ ಬರಬೇಕಾದ್ರ ಮಣ್ಣು, ಉಸುಕು, ಕಲ್ಲು ಎಲ್ಲಾ ತಳ್ಳಿಕೊಂಡು ಬಂತು. ಕರಗಿ ಹೋಗಬೇಕಾದ್ರ ಆ ರಾಶಿ ಅಲ್ಲೇ ಬಿಟ್ಟು ಹೋತು. ಅವ ಅಲ್ಲಿಯ ಗುಡ್ಡ. ಇಡೀ ದೇಶದಾಗಿನ ಎತ್ತರದ ಜಾಗಾ 171 ಮೀಟರೂ ಇಲ್ಲ. ನಮ್ಮ ಧಾರವಾಡ ಸಮುದ್ರಕ್ಕಿಂತ 700 ಮೀಟರಿಗಿಂತ ಮ್ಯಾಲ ಅದ ಅಂದ್ರ ಲೆಕ್ಕಾ ಹಾಕ್ರಿ. ನಾವು ಅಡಗಿಮನ್ಯಾಗ ಕೂತು ಕಾಯಿಪಲ್ಯಾ ಹೆಚ್ಚೋದನ್ನ ಅವರ ಶಿಖರಕ್ಕಿಂತ ನಾಕು ಪಟ್ಟು ಎತ್ತರದಾಗ.

ಮೊದಲ ನೋಡಿದ್ದು ಹಿಮ್ಮೆಲ್‌ಬಿಯೆರ್ಗೆಟ್. ಅವರ ಭಾಷಾದಾಗ 'ಹಿಮ್ಮೆಲ್' ಅಂದ್ರ ಮುಗಿಲು, 'ಬಿಯೆರ್ಗ್' ಅಂದ್ರ ಬೆಟ್ಟ. ಮುಗಿಲಗುಡ್ಡ! ಎತ್ತರ 147 ಮೀಟರ್. ನನ್ನ ಮೊಣಕಾಲು ನಿಮಗ ಗೊತ್ತಿದ್ದದ್ದ, ಅದಕ್ಕ ಅಳಿಯಂದ್ರು ಕಾರು ಮ್ಯಾಲಿನ ತನಕಾನ ತೊಗೊಂಡು ಹೋದ್ರು. ಇಳಿದು ನೋಡಿದ್ರ ಸಪಾಟ ಬಯಲು, ಗಿಡಾ, ಒಂದು ಕೆಂಪು ಇಟ್ಟಂಗಿ ಗೋಪುರ. "ಗುಡ್ಡ ಎಲ್ಲ್ಯದ?" ಅಂದೆ. "ಗುಡ್ಡದ ಮ್ಯಾಲೇ ನಿಂತೀ ಅಮ್ಮಾ" ಅಂದ್ಲು. ನನಗ ನಗು ತಡಕೊಳ್ಳಲಿಕ್ಕೆ ಆಗಲಿಲ್ಲ. "ಇಷ್ಟಕ್ಕ ಮುಗಿಲಗುಡ್ಡ ಅಂತ ಹೆಸರಿಟ್ಟಾರ? ನಮ್ಮ ಕಡೆ ಇದಕ್ಕ ದಿಬ್ಬಾ ಅಂತನೂ ಅನ್ನೂದುಲ್ಲ" ಅಂತ ಜೋರಾಗೇ ಅಂದೆ. ಮಗಳ ಮಾರಿ ಸಣ್ಣದಾತು. "ಅಮ್ಮಾ, ನಿನ್ನ ಮೊಮ್ಮಗ ಹುಟ್ಟಿದ್ದು ಇಲ್ಲೆ. ಅವಗ ಗುಡ್ಡ ಅಂದ್ರ ಇದ" ಅಂತ ಹೇಳಿ ಸುಮ್ಮನಾದ್ಲು. ನಾನೂ ಸುಮ್ಮನಾದೆ.

ಆಮ್ಯಾಲೆ ಅಕಿನ ಒಂದೊಂದ ಓದಿ ಹೇಳಿದ್ಲು, ಮನಿಗೆ ಬಂದ ಮ್ಯಾಲೂ ಕೇಳಿ ಕೇಳಿ ವಹಿಯೊಳಗ ಬರಕೊಂಡೆ.

ಈ ಗುಡ್ಡದ ಕಥಿಯೊಳಗ ಒಬ್ಬ ಪಾದ್ರಿ ಬರ್ತಾನ, ಸ್ಟೀನ್ ಸ್ಟೀನ್ಸನ್ ಬ್ಲಿಕರ್ ಅಂತ. ಪಾದ್ರಿಕಿಗಿಂತ ಕಥಿ ಬರಿಯೋದು, ಊರೂರು ತಿರಗೋದು ಜಾಸ್ತಿ. 1839ರಾಗ ಇವ ಈ ಗುಡ್ಡದ ಮ್ಯಾಲೆ ಜನಾ ಕೂಡಿಸಿ ಸಭಾ ಸುರು ಮಾಡಿದ. ಭಾಷಣ, ಹಾಡು, ಊಟಾ, ಥೇಟ ನಮ್ಮ ಜಾತ್ರಿಹಂಗ. ಆವಾಗ ಅಲ್ಲೆ ರಾಜನ ಮಾತ ಕಡೀ ಮಾತು, ಸಂವಿಧಾನ ಇರಲಿಲ್ಲ. ಒಕ್ಕಲುತನದವರು, ಪ್ಯಾಟಿಯವರು, ಓದಿದವರು ಎಲ್ಲಾ ಒಂದ ಗುಡ್ಡದ ಮ್ಯಾಲ ಕೂತು ದೇಶದ ಮಾತು ಆಡಲಿಕ್ಕೆ ಹತ್ತಿದ್ದು ಸಣ್ಣ ಮಾತಲ್ಲ. ಮುಂದ 1849ರ ಜೂನ್ 5ಕ್ಕ ಏಳನೇ ಫ್ರೆಡರಿಕ್ ರಾಜಾ ಸಂವಿಧಾನಕ್ಕ ಸಹಿ ಹಾಕಿದ. ಬ್ಲಿಕರ್ ಅದನ್ನ ನೋಡಲಿಲ್ಲ. ಹಿಂದಿನ ವರ್ಷನ, 1848ರಾಗ, ತೀರಿಕೊಂಡಿದ್ದ. ನಾ ಕಂಡ ಕೆಂಪು ಗೋಪುರ ಆ ರಾಜನ ನೆನಪಿಗೆ 1875ರಾಗ ಕಟ್ಟಿದ್ದು, 25 ಮೀಟರ್ ಎತ್ತರ.

ಆ ಸಂವಿಧಾನದಾಗ ಮತ ಹಾಕೋ ಹಕ್ಕು ಯಾರಿಗೆ ಸಿಕ್ಕಿತ್ತು ಅಂತ ಕೇಳಿದೆ. ಮೂವತ್ತು ತುಂಬಿದ, ಸ್ವಂತ ಸಂಸಾರ ಇದ್ದ ಗಂಡಸರಿಗೆ. ಮನ್ಯಾಳಿಗೆ ಇಲ್ಲ, ಹೆಣ್ಣಮಕ್ಕಳಿಗಂತೂ ಇಲ್ಲ. ಸಂಸಾರ ಇದ್ದವಗ ಹಕ್ಕು, ಸಂಸಾರ ಮಾಡೋಕಿಗೆ ಇಲ್ಲ, ಹೆಂಗದ ನೋಡ್ರಿ! ದೇಶದ ಚುನಾವಣಿಯೊಳಗ ಹೆಣ್ಣಮಕ್ಕಳಿಗೆ ಹಕ್ಕು ಬಂದಿದ್ದು 1915ಕ್ಕ, ತಾರೀಖು ಅದ ಜೂನ್ 5. ಅರವತ್ತಾರು ವರ್ಷ ಬೇಕಾತು.

ಬ್ಲಿಕರ್‌ನ ಇನ್ನೊಂದು ಮಾತು ನಮಗ ಬೇಕಾದದ್ದು. ಇವ 1842ರಾಗ 'ಎ ಬಿಂಡ್‌ಸ್ಟೌ' ಅಂತ ಒಂದು ಪುಸ್ತಕ ಬರದಾನ. ಹಂಗಂದ್ರ ಹೆಣಿಕಿ ಖೋಲಿ. ಜನಾ ಕೂಡಿ ಕೂತು ಉಣ್ಣಿ ಹೆಣಕೋತ ಒಬ್ಬೊಬ್ಬರ ಒಂದೊಂದು ಕಥಿ ಹೇಳ್ತಾರ. ಅದೂ ಗ್ರಂಥದ ಭಾಷಾದಾಗ ಅಲ್ಲ, ಯೂಟ್ಲೆಂಡಿನ ಮನಿಮಾತಿನ್ಯಾಗ. ನಾವು ಇಲ್ಲೆ ಕೂತು ಮಾಡೋದೂ ಅದನ ಅಲ್ಲೇನ್ರಿ?

ಅವತ್ತ ಮೊಮ್ಮಗನ ಕೈ ಹಿಡಕೊಂಡು ಸಾವಕಾಶ ಕೆಳಗ ಕೆರಿ ತನಕ ಇಳದೆ. ಯೂಲ್‌ಸೋ ಅಂತ ಕೆರಿ. ದಂಡಿಗೆ ನಿಂತು ತಿರುಗಿ ನೋಡಿದ್ರ, ಅಬಬಾ, ಗುಡ್ಡ! ನೀರಿನ ಅಂಚಿನಿಂದ ನೆಟ್ಟಗ ಎದ್ದು ನಿಂತಧಂಗ ಅದ. ಹಿಮದ ನೀರು ಹರಿದು ನೆಲಾ ಕೊರದು ಆಳ ಮಾಡೇದ, ಹಿಂಗಾಗಿ ಹಿಂದಿನಿಂದ ಬಂದ್ರ ಬಯಲು, ಮುಂದಿನಿಂದ ನೋಡಿದ್ರ ಗುಡ್ಡ. ಇದ ದೇಶದಾಗ ಎಲ್ಲಾಕ್ಕಿಂತ ಎತ್ತರ ಅಂತ ಜನಾ ಯಾಕ ನಂಬಿದ್ರು ಅಂತ ಆವಾಗ ತಿಳೀತು. ನಾ ತಪ್ಪು ಬಾಜುದಿಂದ ಬಂದು ನಕ್ಕಿದ್ದೆ. ಅಲ್ಲಿಂದ ಸಿಲ್ಕೆಬೋರ್ಗ್ ಊರಿಗೆ ಯಾಯ್ಲೆನ್ ಅನ್ನೋ ಉಗಿಹಡಗದಾಗ ಬಂದ್ವಿ. 1861ರಿಂದ ಓಡ್ಲಿಕತ್ತದ, ಇನ್ನೂ ಕಲ್ಲಿದ್ದಲಿನ ಮ್ಯಾಲೇ. ಮೊದಲನೇ ಸಲ ಅದರಾಗ ಕೂತವರೊಳಗ ಅದ ಏಳನೇ ಫ್ರೆಡರಿಕ್ ರಾಜಾನೂ ಇದ್ದ. ಹೊಗಿ ವಾಸನಿಗೆ ನನಗ ಸಣ್ಣಂದಿರಾಗಿನ ರೈಲು ನೆನಪಾತು.

1847ರಾಗ ಅಳತಿ ಮಾಡಿದಾಗ ಮುಗಿಲಗುಡ್ಡಕ್ಕ ಹಿರೀತನ ಹೋತು. ದಕ್ಷಿಣಕ್ಕ ಐಯರ್ ಬೌನೆಹೊಯ್ ಅಂತ ಒಂದದ, ಅದ ಎತ್ತರ ಅಂತ ಗೊತ್ತಾತು. (ಐಯರ್ ಅಂದಕೂಡ್ಲೆ ನನಗ ಯಾರೋ ಮದ್ರಾಸಿನವರ ಗುಡ್ಡ ಅನಿಸ್ತು, ಅಲ್ಲಂತ, ಅದು ಹಳ್ಳಿ ಹೆಸರು.) 'ಬೌನೆಹೊಯ್' ಅಂದ್ರ ಬೆಂಕಿ ಹಚ್ಚೋ ಗುಡ್ಡ. ವೈರಿಗಳು ಬಂದ್ರ ಒಂದು ಗುಡ್ಡದ ಮ್ಯಾಲೆ ಬೆಂಕಿ ಹಚ್ಚೋದು, ಅದನ್ನ ನೋಡಿ ಮುಂದಿನ ಗುಡ್ಡದವರು ಹಚ್ಚೋದು. ಸಪಾಟ ನೆಲದಾಗ ಸಣ್ಣ ಎತ್ತರನೂ ಜೀವಾ ಉಳಸ್ತಿತ್ತು. ಅದರ ಮ್ಯಾಲಿನ ಗೋಪುರ 1924ರದ್ದು. 1864ರ ಯುದ್ಧದಾಗ ಸೋತು ಪ್ರಶ್ಯಾ, ಆಸ್ಟ್ರಿಯಾದವರಿಗೆ ನೆಲಾ ಬಿಟ್ಟುಕೊಟ್ಟಿದ್ರು. ಅದರಾಗಿನ ಉತ್ತರದ ಭಾಗ ಜನಮತ ಆಗಿ 1920ರಾಗ ತಿರುಗಿ ಬಂತು, ಆ ಖುಷಿಗೆ ಕಟ್ಟ್ಯಾರ. ಅಷ್ಟು ವರ್ಷ ತವರುಮನಿ ಒಂದು ದೇಶದಾಗ, ಅತ್ತಿಮನಿ ಇನ್ನೊಂದು ದೇಶದಾಗ ಆದವರು ಎಷ್ಟು ಮಂದಿ ಇರಬೇಕು.

ಅಲ್ಲಿಗೂ ಜಗಳ ಮುಗೀಲಿಲ್ಲ. ಹತ್ರದಾಗ ಯೂಡಿಂಗ್ ಸ್ಕೌಹೊಯ್ ಅಂತ ಇನ್ನೊಂದು. ಅದರ ಎತ್ತರ 172.54 ಮೀಟರ್. ಆದ್ರ ತುದಿಯೊಳಗ ಕಂಚಿನ ಯುಗದವರು ಹಿರಿಯರನ್ನ ಹುಗಿದು ಮಣ್ಣು ಒಟ್ಟಿದ ಸಮಾಧಿ ದಿಬ್ಬ ಅದ. ಮನಷಾ ಒಟ್ಟಿದ್ದನ್ನ ಲೆಕ್ಕಕ್ಕ ಹಿಡಿಯೂದುಲ್ಲ ಅಂತ ಅದನ್ನ ಕಳದ್ರು, 170.77 ಉಳೀತು. ಕಡೀಕ 2005ರಾಗ ಹೊಸಾ ಉಪಕರಣದಿಂದ ಅಳದಾಗ ಗೆದ್ದದ್ದು ಯಾವುದು ಗೊತ್ತದನು? ಯಾರೂ ಲಕ್ಷ ಕೊಡದ ಮೊಲ್ಲೆಹೊಯ್, 170.86 ಮೀಟರ್. ಫರಕು ಒಂಬತ್ತು ಸೆಂಟಿಮೀಟರ್, ನನ್ನ ನಾಕು ಬೆರಳಿನ ಅಗಲಕ್ಕಿಂತ ಚೂರು ಹೆಚ್ಚು.

ಅಲ್ಲಿಗೆ ಇನ್ನೊಂದು ಐತವಾರ ಹೋದ್ವಿ. ಯಾರದೋ ಹೊಲದ ದಂಡಿ, ಗೋಪುರ ಇಲ್ಲ, ಏನಿಲ್ಲ. ನೆಲದಾಗ ಒಂದು ಬೀಸುಕಲ್ಲು. 'ಮೊಲ್ಲೆ' ಅಂದ್ರ ಹಿಟ್ಟಿನ ಗಿರಣಿ. 1838ರಿಂದ 1917ರ ತನಕ ಅಲ್ಲೆ ಗಾಳಿಗಿರಣಿ ಇತ್ತಂತ. ಸುತ್ತಲಿನ ಮಂದಿ ಕಾಳಿನ ಚೀಲಾ ಹೊತ್ತು ಬಂದು, ಹಿಟ್ಟು ಬೀಸಿಸಿಕೊಂಡು ಹೋಗ್ಯಾರ. ದೇಶದ ತುದಿಯೊಳಗ ನಿಂತೀವಿ ಅಂತ ಒಬ್ಬರಿಗೂ ಗೊತ್ತಿಲ್ಲ. ಎಲ್ಲಾರ ಕಣ್ಣು ಆ ಗೋಪುರದ ಗುಡ್ಡದ ಮ್ಯಾಲ.

ಕಲ್ಲಿನ ಮ್ಯಾಲ ಕೈ ಇಟ್ಟೆ. ನಮ್ಮ ಅತ್ತಿಯವರ ಬೀಸುಕಲ್ಲಿನ ಗತೆ ಖರಬರ ಅನಸ್ತು, ಆದ್ರ ಅಗಲ ಭಾಳ. ಬಾಜೂಕ ಕೂತು ಥಾಲಿಪೆಟ್ಟು, ಶೇಂಗಾ ಚಟ್ನಿ ತಿಂದ್ವಿ. ಮಗಳು ಮುಗಿಲಗುಡ್ಡದ ಮಾತು ಎತ್ತಲಿಲ್ಲ. ನಾನ "ತಪ್ಪಾತವ್ವಾ, ಹಂಗ ನಗಬಾರದಿತ್ತು" ಅಂದೆ. "ಹೋಗ್ಲಿ ಬಿಡಮ್ಮ, ನಾನೂ ಬಂದ ಹೊಸತಾಗಿ ನಕ್ಕಿದ್ದೆ" ಅಂದ್ಲು.

ಈಗ ಮೊಮ್ಮಗ ಫೋನಿನ್ಯಾಗ "ಅಜ್ಜಿ, ನಿಮ್ಮೂರಾಗ ಗುಡ್ಡ ಅದನು?" ಅಂತ ಕೇಳ್ತಾನ. ಡಿಸೆಂಬರಿಗೆ ಬರ್ತಾರ. ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕ ಕರಕೊಂಡು ಹೋಗ್ತೀನಿ ಅಂದೇನಿ. ಮೊಣಕಾಲಿಗೆ ಎಣ್ಣಿ ಹಚ್ಚಿಕೊಳ್ಳಲಿಕ್ಕೆ ಇವತ್ತಿನಿಂದನ ಸುರು.