ಎಡಿಸನ್ನನ ದೀರ್ಘವಾದನದ ತಟ್ಟೆ

ಶಬ್ದವು ನಿತ್ಯವೋ ಅನಿತ್ಯವೋ ಎಂದು ಮೀಮಾಂಸಕರೂ ನೈಯಾಯಿಕರೂ ಬಹುಕಾಲ ವಾದಿಸಿದರು. ಅಮೆರಿಕದ ತಾಮಸ್ ಆಲ್ವಾ ಎಡಿಸನ್ನನು ಆ ವಾದದ ಗೊಡವೆಗೆ ಹೋಗದೆ, 1877ರಲ್ಲಿ ತವರದ ತೆಳುಹಾಳೆಯ ಮೇಲೆ ತನ್ನ ಮಾತನ್ನು ಕೊರೆದು ಮರಳಿ ಕೇಳಿಸಿದನು. ಫೋನೋಗ್ರಾಫಿನ ಈ ಜನ್ಮವೃತ್ತಾಂತವು ಸರ್ವವಿದಿತವಾದುದು. ಹಳೆಯ ಫೋನೋಗ್ರಾಫಿನಲ್ಲಿಯೇ ದೀರ್ಘವಾದನದ ತಟ್ಟೆಗಳನ್ನು ನುಡಿಸಬೇಕೆಂದು ಅವನೇ ತನ್ನ ವೃದ್ಧಾಪ್ಯದಲ್ಲಿ ಕೈಕೊಂಡ ಪ್ರಯತ್ನವನ್ನು ಬಲ್ಲವರು ವಿರಳ.

1912ರ ಸುಮಾರಿಗೆ ಹೊರಬಂದ ಎಡಿಸನ್ನನ ವಜ್ರಮುಖದ ಯಂತ್ರವು ಇತರ ಗ್ರಾಮಫೋನುಗಳಂತಿರಲಿಲ್ಲ. ಅವುಗಳಲ್ಲಿ ಮುಳ್ಳು ಎಡಬಲಕ್ಕೆ ಅಲುಗುವುದು. ಇದರಲ್ಲಿ ವಜ್ರದ ಮೊನೆಯು ಗೀರಿನ ಏರುತಗ್ಗುಗಳನ್ನು ಹತ್ತಿ ಇಳಿಯುವುದು. ಅವುಗಳಲ್ಲಿ ಗೀರೇ ಮುಳ್ಳನ್ನು ಒಳಕ್ಕೆ ಎಳೆದೊಯ್ಯುವುದು. ಇದರಲ್ಲಿ ಆ ಕೆಲಸವನ್ನು ಕೆಳಗಿನ ಹಲ್ಲುಚಕ್ರಗಳು ಮಾಡುವುವು. ತಟ್ಟೆಯು ನಿಮಿಷಕ್ಕೆ 80 ಸುತ್ತು ತಿರುಗುವುದು. ಅಂಗುಲಕ್ಕೆ 150 ಗೀರು. ಹತ್ತು ಅಂಗುಲದ ತಟ್ಟೆಯ ಒಂದು ಮುಖವು ನಾಲ್ಕೈದು ನಿಮಿಷಗಳಲ್ಲಿ ಮುಗಿಯುತ್ತಿತ್ತು.

1926ರಲ್ಲಿ ಎಡಿಸನ್ನನ ಸಂಸ್ಥೆಯು ವೇಗವನ್ನು ಹಾಗೆಯೇ ಉಳಿಸಿಕೊಂಡು, ಅಂಗುಲಕ್ಕೆ 450 ಗೀರುಗಳನ್ನು ಕೊರೆಯಿತು. ಹನ್ನೆರಡು ಅಂಗುಲದ ತಟ್ಟೆಯ ಒಂದು ಮುಖದಲ್ಲಿ 20 ನಿಮಿಷದ ಸಂಗೀತವು ಅಡಗಿತು. ಗೀರುಗಳು ಮೂರು ಪಟ್ಟು ಒತ್ತಾದುದರಿಂದ ಮೊನೆಯು ಮೂರನೆಯ ಒಂದು ಪಾಲಿನಷ್ಟೇ ನಿಧಾನವಾಗಿ ಸರಿಯಬೇಕು, ಮೊನೆಯೂ ಸೂಕ್ಷ್ಮತರವಾಗಿರಬೇಕು. ಇದಕ್ಕಾಗಿ ಹಳೆಯ ಯಂತ್ರಗಳಿಗೂ ಜೋಡಿಸತಕ್ಕ ಚಕ್ರಗಳೂ ಬೇರೊಂದು ಧ್ವನಿಪೆಟ್ಟಿಗೆಯೂ ಸಿದ್ಧವಾದುವು. ಹಣ ತೆತ್ತು ಯಂತ್ರವನ್ನು ಕೊಂಡಿದ್ದ ಗೃಹಸ್ಥನು ಅದನ್ನು ಮೂಲೆಗೆ ಹಾಕಬೇಕಾಗಿರಲಿಲ್ಲ. ಈ ಒಂದು ಅಂಶದಲ್ಲಿ ಎಡಿಸನ್ನನ ಯೋಜನೆಯು ಶ್ಲಾಘ್ಯವೇ ಸರಿ.

ಗಣಿತವೆಲ್ಲ ಸರಿಯಾಗಿತ್ತು, ನಾದವು ಕ್ಷೀಣಿಸಿತು. ವಿದ್ಯುತ್ತಿನ ಸಹಾಯವಿಲ್ಲದ ಯಂತ್ರದಲ್ಲಿ ಕಿವಿಗೆ ಬೀಳುವ ಶಬ್ದಬಲವೆಲ್ಲವೂ ಗೀರಿನ ಏರುತಗ್ಗಿನಿಂದಲೇ ಬರತಕ್ಕುದು. ಗೀರು ಕಿರಿದಾದರೆ ಕೊಂಬಿನಿಂದ ಹೊರಡುವ ಧ್ವನಿಯೂ ಕಿರಿದಾಗುವುದು. ಸಾಲದುದಕ್ಕೆ, ಗೀರುಗಳ ನಡುವಣ ತೆಳುಗೋಡೆಗಳು ಮೊನೆಯ ಭಾರಕ್ಕೆ ಮುರಿಯುತ್ತಿದ್ದುವು. ಕಿವಿ ಮಂದವಾದುದರಿಂದ ಪೆಟ್ಟಿಗೆಯ ಮರಕ್ಕೆ ಹಲ್ಲು ಕಚ್ಚಿ ಸಂಗೀತವನ್ನು ಕೇಳುತ್ತಿದ್ದವನ ಸಂಸ್ಥೆಯಿಂದಲೇ ಇಷ್ಟು ಮೆಲುದನಿಯ ತಟ್ಟೆ ಬಂದುದು ವಿಚಿತ್ರ! ಕೊಳ್ಳುವವರು ದೊರೆಯಲಿಲ್ಲ. 1929ರ ಅಕ್ಟೋಬರಿನಲ್ಲಿ ಸಂಸ್ಥೆಯು ಸಂಗೀತದ ತಟ್ಟೆಗಳ ಉದ್ಯಮವನ್ನೇ ನಿಲ್ಲಿಸಿತು.

1948ರಲ್ಲಿ ಕೊಲಂಬಿಯಾ ಸಂಸ್ಥೆಯು ಹೊರತಂದ ದೀರ್ಘವಾದನದ ತಟ್ಟೆಯು ನಿಂತುದು ವಿದ್ಯುದ್ಬಲದಿಂದ. ಹಗುರವಾದ ಮೊನೆಯು ವಿನೈಲ್ ತಟ್ಟೆಯ ಗೀರನ್ನು ಮೃದುವಾಗಿ ಸ್ಪರ್ಶಿಸಿದರೆ ಸಾಕು. ನಾದವನ್ನು ಹಿಗ್ಗಿಸುವ ಭಾರವು ಬೇರೆ ಯಂತ್ರದ್ದು. ಇಂಥ ತಟ್ಟೆಯನ್ನು ಎಡಿಸನ್ನನ ಪುರಾತನ ಯಂತ್ರದಲ್ಲಿ ನುಡಿಸಬೇಕೆಂದು ಇಂದಿಗೂ ಕೆಲವರು ಆಶಿಸುವುದುಂಟು. ನಿಮಿಷಕ್ಕೆ 33⅓ ಸುತ್ತಿಗೆ ವೇಗವನ್ನು ತಗ್ಗಿಸಿದ ಮಾತ್ರಕ್ಕೆ ಅದು ಸಿದ್ಧಿಸದು. ಎಡಬಲಕ್ಕೆ ಅಲುಗುವ ಗೀರನ್ನು ಮೇಲುಕೆಳಗಿನ ಚಲನೆಗೆ ಮಾಡಿದ ಮೊನೆಯು ಓದಲಾರದು. ಅದರ ಭಾರವು ಒಂದೇ ಸಲಕ್ಕೆ ತಟ್ಟೆಯನ್ನು ಉತ್ತುಬಿಡುವುದು. ಧ್ವನಿಪೆಟ್ಟಿಗೆ, ಕೊಂಬು, ಚಕ್ರಗಳನ್ನೆಲ್ಲ ಕಳಚಿ ವಿದ್ಯುತ್ತಿನ ತೋಳನ್ನು ಕೂರಿಸಬೇಕಾಗುವುದು. ಹಾಗೆ ಮಾಡತಕ್ಕವರು ಮರವನ್ನು ಹೊಸದಾಗಿ ಕೊರೆಯದೆ, ಕಳಚಿದ ಭಾಗಗಳನ್ನು ಒಂದೂ ಬಿಡದಂತೆ ಪೆಟ್ಟಿಗೆಯ ಜೊತೆಯಲ್ಲಿಯೇ ಜೋಪಾನವಾಗಿ ಇಡತಕ್ಕದ್ದು.